ಕರ್ಡ್ ಟಾರ್ಟೋ, ಕಸ್ಟರ್ಡ್ ಟಾರ್ಟೋ? ಮನೆಯಲ್ಲಿ ಮಾಡುವವರ ಗೊಂದಲಕ್ಕೆ ನನ್ನ ಲೆಕ್ಕಾಚಾರ

ಮೊದಲ ಸಲ ‘ಲೆಮನ್ ಕರ್ಡ್ ಮಾಡ್ತೀನಿ’ ಅಂದಾಗ ನಮ್ಮ ಅತ್ತೆ ಫ್ರಿಜ್‌ನಿಂದ ಮೊಸರಿನ ಪಾತ್ರೆ ತೆಗೆದು ನನ್ನ ಮುಂದಿಟ್ಟರು. “ಮೊದಲೇ ಹುಳಿ ಬಂದಿದೆ, ಇನ್ನು ನಿಂಬೆಹಣ್ಣು ಬೇರೆ ಹಿಂಡ್ತೀಯೇನೇ?” ಅಂತ ಕೇಳಿದರು. ಅವರದೇನೂ ತಪ್ಪಿಲ್ಲ, ಹೆಸರೇ ಹಾಗಿದೆ. ಆದರೆ ಈ ಕರ್ಡ್‌ನಲ್ಲಿ ಹಾಲೂ ಇಲ್ಲ, ಮೊಸರೂ ಇಲ್ಲ. ನಿಂಬೆರಸ, ಸಕ್ಕರೆ, ಮೊಟ್ಟೆ, ಬೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಟ್ಟಿ ಮಾಡಿದ ಹಳದಿ ಗೊಜ್ಜು ಅಂದುಕೊಳ್ಳಿ. ಹುಳಿ, ಸಿಹಿ, ಬೆಣ್ಣೆಯ ನುಣುಪು ಮೂರೂ ಒಟ್ಟಿಗೆ ಬಾಯಿಗೆ ಸಿಗುತ್ತದೆ.

ಕಸ್ಟರ್ಡ್ ನಮಗೆ ಹಳೆಯ ಪರಿಚಯ. ಮದುವೆ ಊಟದ ಕೊನೆಗೆ ಕಪ್ಪಿನಲ್ಲಿ ಬರುವ ಫ್ರೂಟ್ ಸಲಾಡ್ ನೆನಪಿದೆ ಅಲ್ವಾ, ಅದರದೇ ಬಳಗ. ಟಾರ್ಟ್‌ಗೆ, ಅಂದರೆ ಹಿಟ್ಟಿನ ಅಥವಾ ಬಿಸ್ಕತ್ತಿನ ತಳದೊಳಗೆ ಹೂರಣ ತುಂಬಿ ಮೇಲೆ ಮುಚ್ಚದೆ ಬಿಡುವ ಸಿಹಿಗೆ, ಹಾಕುವುದು ಅದರ ಗಟ್ಟಿ ಅಣ್ಣ. ಬೇಕರಿಯವರು ಇದನ್ನು ಪೇಸ್ಟ್ರಿ ಕ್ರೀಮ್ ಅನ್ನುತ್ತಾರೆ.

ಇವೆರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಟಾರ್ಟ್ ತಿನ್ನುವುದು ಯಾವಾಗ? ಈವತ್ತು ಮಧ್ಯಾಹ್ನ ಮಾಡಿ ಸಂಜೆಯೇ ಮುಗಿಸುವುದಾದರೆ ದಾರಿ ಒಂದು. ಈವತ್ತು ಮಾಡಿ ನಾಳೆ ಕೊಡುವುದಾದರೆ ಇನ್ನೊಂದು. ರುಚಿಯ ಪ್ರಶ್ನೆ ಆಮೇಲೆ ಬರುತ್ತದೆ.

ಒಂದನ್ನು ಕುದಿಸಬಾರದು, ಇನ್ನೊಂದನ್ನು ಕುದಿಸಲೇಬೇಕು

ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಿಂಬೆ ಕರ್ಡ್ ಮಜ್ಜಿಗೆ ಹುಳಿಯ ಜಾತಿ. ಕುದಿ ಜಾಸ್ತಿಯಾದರೆ ಒಡೆಯುತ್ತದೆ. ಅದನ್ನು ಗಟ್ಟಿ ಮಾಡುವುದು ಮೊಟ್ಟೆಯೊಂದೇ, ಹಿಟ್ಟಿನ ಆಸರೆ ಇಲ್ಲ. ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಹದವಾಗಿರುತ್ತದೆ. ಅಲ್ಲಿಂದ ಮೇಲೆ ಹೋದರೆ ಮೊಟ್ಟೆ ಬುರ್ಜಿಯ ಹಾಗೆ ಗಂಟುಗಂಟಾಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಮರದ ಚಮಚದ ಬೆನ್ನು ನೋಡಿ. ಕರ್ಡ್ ಅದಕ್ಕೆ ಅಂಟಿಕೊಂಡಿರಬೇಕು. ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ಹಾಗೇ ನಿಲ್ಲಬೇಕು. ಪಾತ್ರೆಯಲ್ಲಿ ಇನ್ನೂ ತೆಳ್ಳಗಿದೆ ಅನ್ನಿಸುತ್ತದೆ, ಹೆದರಬೇಡಿ. ಬೆಣ್ಣೆ ತಣಿದ ಮೇಲೆ ಅದು ಇನ್ನಷ್ಟು ಬಿಗಿಯುತ್ತದೆ.

ಕಸ್ಟರ್ಡ್ ಇದಕ್ಕೆ ಪೂರ್ತಿ ಉಲ್ಟಾ. ಅದು ರಾಗಿ ಗಂಜಿಯ ಜಾತಿ. ಹಾಲು, ಮೊಟ್ಟೆಯ ಹಳದಿ, ಸಕ್ಕರೆ ಜೊತೆಗೆ ಕಾರ್ನ್‌ಫ್ಲೋರ್ ಇರುತ್ತದೆ. ಹಿಟ್ಟು ಇರುವುದರಿಂದ ಹಳದಿ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಹಾಗಾಗಿ ಧೈರ್ಯವಾಗಿ ಕುದಿಸಿ, ಮೇಲೆ ಲೊಟಲೊಟ ಗುಳ್ಳೆ ಬಂದ ಮೇಲೂ ಒಂದು ನಿಮಿಷ ಕೈಬಿಡದೆ ತಿರುವಬೇಕು. ಸುಮ್ನೆ ಹೇಳುತ್ತಿಲ್ಲ. ಹಳದಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಇರುತ್ತದೆ, ಪಿಷ್ಟವನ್ನು ಕರಗಿಸುವುದೇ ಅದರ ಕೆಲಸ. ಸರಿಯಾಗಿ ಕುದಿಸದಿದ್ದರೆ ಅದು ಸಾಯುವುದಿಲ್ಲ. ರಾತ್ರಿ ಗಟ್ಟಿಯಾಗಿ ಫ್ರಿಜ್‌ಗೆ ಹೋದ ಕಸ್ಟರ್ಡ್ ಬೆಳಿಗ್ಗೆ ಸಾರಿನ ಹಾಗೆ ಹೊರಗೆ ಬರುತ್ತದೆ. ‘ಒಲೆ ಮೇಲೆ ಚೆನ್ನಾಗಿತ್ತು, ಯಾಕೋ ನೀರಾಯ್ತು’ ಅನ್ನುವವರ ತೊಂದರೆ ಬಹಳ ಸಲ ಇದೇ.

ಕಷ್ಟ ಯಾವುದು? ಕೈಗೆ ಅಭ್ಯಾಸವಿಲ್ಲದವರಿಗೆ ಕಸ್ಟರ್ಡ್ ಸುಲಭ. ಕರ್ಡ್‌ಗೆ ಒಲೆಯ ಮುಂದೆ ಹತ್ತು ನಿಮಿಷ ಅಲ್ಲಾಡದೆ ನಿಲ್ಲಬೇಕು, ಫೋನ್ ಬಂದರೂ ಎತ್ತಬಾರದು. ಆದರೆ ಕರ್ಡ್‌ನಲ್ಲಿ ತಪ್ಪಾದರೂ ಸ್ವಲ್ಪಮಟ್ಟಿಗೆ ತಿದ್ದಬಹುದು. ಸಣ್ಣ ಗಂಟುಗಳಿದ್ದರೆ ಟೀ ಸೋಸುವ ಜಾಲರಿಯಲ್ಲಿ ಒತ್ತಿ ಸೋಸಿದರೆ ನುಣ್ಣಗಾಗುತ್ತದೆ. ತಳ ಹಿಡಿದ ಕಸ್ಟರ್ಡ್‌ಗೆ ಮಾತ್ರ ಮದ್ದಿಲ್ಲ. ಸೀದ ವಾಸನೆ ಹಾಲಿಗೆ ಒಮ್ಮೆ ಹತ್ತಿತು ಅಂದರೆ ಮುಗೀತು.

ಒಂಬತ್ತು ಇಂಚಿನ ಟಾರ್ಟ್‌ಗೆ ನನ್ನ ಅಳತೆ ಹೀಗಿದೆ. ಕರ್ಡ್‌ಗೆ 3 ಇಡೀ ಮೊಟ್ಟೆ, 2 ಹಳದಿ, 170 ಗ್ರಾಂ ಸಕ್ಕರೆ, 120 ಮಿಲಿ ನಿಂಬೆರಸ, 100 ಗ್ರಾಂ ಬೆಣ್ಣೆ. ಬೆಣ್ಣೆಯನ್ನು ಒಲೆಯಿಂದ ಇಳಿಸಿದ ಮೇಲೆ ತುಂಡುತುಂಡಾಗಿ ಸೇರಿಸಿ. ಕಸ್ಟರ್ಡ್‌ಗೆ ಅರ್ಧ ಲೀಟರ್ ಹಾಲು, 4 ಹಳದಿ, 100 ಗ್ರಾಂ ಸಕ್ಕರೆ, 40 ಗ್ರಾಂ ಕಾರ್ನ್‌ಫ್ಲೋರ್, ಕೊನೆಗೆ 30 ಗ್ರಾಂ ಬೆಣ್ಣೆ. ಎರಡಕ್ಕೂ ಉಪ್ಪಿಲ್ಲದ ಬೆಣ್ಣೆಯೇ ಇರಲಿ.

ಪಾತ್ರೆಯ ವಿಷಯ ಮರೆಯುವ ಮುಂಚೆ ಹೇಳಿಬಿಡುತ್ತೇನೆ. ನನ್ನ ಮೊದಲ ಕರ್ಡ್ ಮಾಡಿದ್ದು ಅಮ್ಮ ಕೊಟ್ಟ ಹಳೆಯ ಅಲ್ಯೂಮಿನಿಯಂ ಬೋಗುಣಿಯಲ್ಲಿ. ಬಣ್ಣ ಮಂಕಾಗಿ ಬಂತು. ನಾಲಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡ ಹಾಗೆ ರುಚಿ. ಹುಳಿ ಅಲ್ಯೂಮಿನಿಯಂನ ಜೊತೆ ಸೇರಿದರೆ ಹೀಗೇ ಆಗುತ್ತದೆ. ಸ್ಟೀಲ್ ಪಾತ್ರೆಯನ್ನು ಕುದಿಯುವ ನೀರಿನ ಇನ್ನೊಂದು ಪಾತ್ರೆಯ ಮೇಲೆ ಕೂರಿಸಿ ಮಾಡಿ. ಕೆಳಗಿನ ನೀರು ಮೇಲಿನ ಪಾತ್ರೆಯ ತಳಕ್ಕೆ ತಾಗದಿರಲಿ.

ಎಷ್ಟು ಹೊತ್ತು ತಡೆಯುತ್ತದೆ

ಕರ್ಡ್ ಫ್ರಿಜ್‌ನಲ್ಲಿ ಒಂದು ವಾರ ಆರಾಮವಾಗಿ ಇರುತ್ತದೆ, ಫ್ರೀಜರ್‌ಗೂ ಹೋಗಬಲ್ಲದು. ಕಸ್ಟರ್ಡ್‌ಗೆ ಎರಡು ದಿನ, ಹೆಚ್ಚೆಂದರೆ ಮೂರು. ಫ್ರೀಜರ್‌ಗೆ ಹಾಕಿದರೆ ಪಿಷ್ಟ ನೀರು ಬಿಟ್ಟುಕೊಂಡು ಒಡೆದ ಹಾಗಾಗುತ್ತದೆ.

ಆದರೆ ನಿಜವಾದ ಪರೀಕ್ಷೆ ಟಾರ್ಟ್ ಜೋಡಿಸಿದ ಮೇಲೆ. ಒಮ್ಮೆ ಬೆಂಗಳೂರಿನಿಂದ ಮೈಸೂರಿಗೆ ಅಕ್ಕನ ಮನೆಗೆ ಎರಡು ಟಾರ್ಟ್ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಒಂದು ಬರೀ ನಿಂಬೆ ಕರ್ಡ್, ಇನ್ನೊಂದು ಕಸ್ಟರ್ಡ್ ಮೇಲೆ ಸ್ಟ್ರಾಬೆರಿ. ಮಂಡ್ಯ ದಾಟುವ ಹೊತ್ತಿಗೆ ಸ್ಟ್ರಾಬೆರಿ ನೀರು ಬಿಟ್ಟು, ಕಸ್ಟರ್ಡ್ ತುಂಬಾ ಗುಲಾಬಿ ಗೆರೆ. ಅಕ್ಕನ ಮನೆಯಲ್ಲಿ ಕತ್ತರಿಸಿದಾಗ ತಳ ಮೆತ್ತಗಾಗಿ ಚಾಕುವಿಗೇ ಅಂಟಿಕೊಂಡಿತು. “ಇದನ್ನ ಕಪ್ಪಿಗೆ ಹಾಕಿಕೊಡು ಕಣೇ, ಚಮಚದಲ್ಲಿ ತಿಂತೀವಿ” ಅಂದಳು ಅಕ್ಕ. ಕರ್ಡ್ ಟಾರ್ಟ್ ಮಾತ್ರ ಹೊರಟಾಗ ಹೇಗಿತ್ತೋ ಹಾಗೇ ಇತ್ತು.

ಅಂದಿನಿಂದ ನನ್ನ ನಿಯಮ ಇಷ್ಟು. ಪ್ರಯಾಣ ಇದ್ದರೆ, ಹಿಂದಿನ ದಿನ ಮಾಡಿಡಬೇಕಾದರೆ, ಆಫೀಸಿಗೆ ಒಯ್ಯುವುದಾದರೆ ಕರ್ಡ್. ಮನೆಯಲ್ಲೇ ಹುಟ್ಟುಹಬ್ಬ, ಮಕ್ಕಳು ಜಾಸ್ತಿ, ನಾಲ್ಕೈದು ಗಂಟೆಯೊಳಗೆ ತಟ್ಟೆ ಖಾಲಿಯಾಗುತ್ತದೆ ಅಂದರೆ ಹಣ್ಣಿನ ಕಸ್ಟರ್ಡ್. ಮಕ್ಕಳಿಗೆ ಕರ್ಡ್‌ನ ಹುಳಿ ಅಷ್ಟು ಹಿಡಿಸುವುದಿಲ್ಲ. ದೊಡ್ಡವರು ಮಾತ್ರ ಎರಡನೇ ತುಂಡು ಕೇಳುವುದು ಕರ್ಡ್ ಟಾರ್ಟ್‌ದೇ.

ಮೊಟ್ಟೆ ಬೇಡ ಅನ್ನುವ ಮನೆಗಳಲ್ಲಿ

ನಮ್ಮ ಶಿವಮೊಗ್ಗದ ದೊಡ್ಡಮ್ಮನ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವ ಹಾಗಿಲ್ಲ. ಅಂಥಲ್ಲಿ ಕಸ್ಟರ್ಡ್ ಸಲೀಸಾಗಿ ಗೆಲ್ಲುತ್ತದೆ. ಕಸ್ಟರ್ಡ್ ಪುಡಿ ಹುಟ್ಟಿದ್ದೇ ಮೊಟ್ಟೆ ತಪ್ಪಿಸುವುದಕ್ಕೆ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬಾತ, ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ ಅಂತ ಕಾರ್ನ್‌ಫ್ಲೋರ್ ಇಟ್ಟುಕೊಂಡು ಮಾಡಿದ್ದು ಇದು. ತಮಾಷೆ ನೋಡಿ, ಅದೇ 1837ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ನ ಬೆಲೆಂನಲ್ಲಿ ಹಳದಿಯನ್ನೇ ನಂಬಿಕೊಂಡ ಪುಟ್ಟ ಕಸ್ಟರ್ಡ್ ಟಾರ್ಟ್‌ಗಳ ಅಂಗಡಿ ಶುರುವಾಯಿತು. ಅದು ಈಗಲೂ ಇದೆ. ಆ ಟಾರ್ಟ್‌ಗೆ ಪದರಪದರದ ಹಿಟ್ಟು ಬೇಕು, ಒಲೆ 250 ಡಿಗ್ರಿ ದಾಟಬೇಕು. ನಮ್ಮ ಮನೆಯ ಪುಟ್ಟ ಓವನ್‌ಗಳಿಗೆ (ಓಟಿಜಿ) ಅಷ್ಟು ಕಾವು ಕಷ್ಟ. ಹಾಗಾಗಿ ಅದನ್ನು ಈ ಹೋಲಿಕೆಯಿಂದ ಆಚೆ ಇಡುತ್ತಿದ್ದೇನೆ.

ಕಸ್ಟರ್ಡ್ ಪುಡಿಯಲ್ಲಿ ಒಂದು ಎಚ್ಚರ. ಪ್ಯಾಕೆಟ್ಟಿನ ಮೇಲೆ ಬರೆದಿರುವ ಅಳತೆ ಹಣ್ಣಿನ ಮೇಲೆ ಸುರಿಯುವ ಕಸ್ಟರ್ಡ್‌ಗೆ. ಟಾರ್ಟ್‌ಗೆ ಅದು ನಿಲ್ಲುವುದಿಲ್ಲ. ಅರ್ಧ ಲೀಟರ್ ಹಾಲಿಗೆ ಸುಮಾರು 45 ಗ್ರಾಂ ಪುಡಿ ಹಾಕಿ. ವೆನಿಲ್ಲಾ ಪುಡಿಯಲ್ಲೇ ಇರುತ್ತದೆ. ಬೇಕಾದರೆ ಕೊನೆಗೆ ಏಲಕ್ಕಿ ಹಾಕಿ, ಚೆನ್ನಾಗಿಯೇ ಇರುತ್ತದೆ.

ಮೊಟ್ಟೆಯಿಲ್ಲದ ನಿಂಬೆ ಕರ್ಡ್? ಕಾರ್ನ್‌ಫ್ಲೋರ್ ಹಾಕಿ ಮಾಡುವ ಬಗೆ ಇದೆ. ನನಗೆ ಅದು ಹುಳಿ ಹಾಕಿದ ಗಂಜಿಯ ಹಾಗೆ ಅನ್ನಿಸುತ್ತದೆ. ಮಾಡಲೇಬೇಕಿದ್ದರೆ ಹಿಟ್ಟು, ಸಕ್ಕರೆ, ನೀರು ಮೊದಲು ಗಟ್ಟಿಯಾಗಲಿ, ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಸೇರಿಸಿ. ಹುಳಿಯ ಜೊತೆ ಕುದಿಸಿದರೆ ಪಿಷ್ಟ ಸಡಿಲವಾಗುತ್ತದೆ.

ಅದಕ್ಕಿಂತ ನೂರು ಪಾಲು ವಾಸಿ ಇನ್ನೊಂದು ದಾರಿಯಿದೆ. ಒಂದು ಡಬ್ಬಿ ಕಂಡೆನ್ಸ್‌ಡ್ ಮಿಲ್ಕ್, 200 ಮಿಲಿ ಕ್ರೀಮ್, 100 ಮಿಲಿ ನಿಂಬೆರಸ. ಒಲೆ ಬೇಡವೇ ಬೇಡ. ಕಲಸುತ್ತಿದ್ದ ಹಾಗೇ ಹುಳಿಗೆ ಹಾಲಿನ ಪ್ರೋಟೀನು ಬಿಗಿದು ಶ್ರೀಖಂಡದ ಹದಕ್ಕೆ ಬರುತ್ತದೆ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಕತ್ತರಿಸುವಷ್ಟು ಗಟ್ಟಿ. ಅಮೆರಿಕದ ಫ್ಲಾರಿಡಾದ ಕೀ ಲೈಮ್ ಪೈ ನಿಂತಿರುವುದು ಇದೇ ಉಪಾಯದ ಮೇಲೆ. ಅವರು ಹಳದಿಯನ್ನೂ ಹಾಕುತ್ತಾರೆ ಅಷ್ಟೇ. ಅವರ ಕೀ ಲೈಮ್ ಬೇರೇನೂ ಅಲ್ಲ, ನಮ್ಮ ನಿಂಬೆಹಣ್ಣಿನ ಜಾತಿಯದೇ. ಹಾಗಾಗಿ ಈ ಒಂದು ಟಾರ್ಟ್‌ಗೆ ನಮ್ಮ ಸಂತೆಯ ಹಣ್ಣು ಹೇಳಿ ಮಾಡಿಸಿದ ಹಾಗಿದೆ. ದೊಡ್ಡಮ್ಮ ಇದನ್ನು ‘ನಿಂಬೆ ಬರ್ಫಿ ಟಾರ್ಟ್’ ಅನ್ನುತ್ತಾರೆ.

ಯಾವ ಹುಳಿ ಹಣ್ಣು

ಪರದೇಶದ ರೆಸಿಪಿ ನೋಡಿ ಮಾಡುವವರು ಎಡವುವುದು ಇಲ್ಲೇ. ಅಲ್ಲಿನ ಲೆಮನ್ ದಪ್ಪ ಸಿಪ್ಪೆಯ ದೊಡ್ಡ ಹಣ್ಣು, ಒಂದರಲ್ಲೇ 40–50 ಮಿಲಿ ರಸ. ನಮ್ಮ ನಿಂಬೆಹಣ್ಣು ಒಂದಕ್ಕೆ 15–20 ಮಿಲಿ ಕೊಟ್ಟರೆ ಹೆಚ್ಚು. ‘ಮೂರು ಲೆಮನ್’ ಅಂತ ಬರೆದಿದ್ದರೆ ಏಳೆಂಟು ನಿಂಬೆಹಣ್ಣು ಅಂತ ಓದಿಕೊಳ್ಳಿ. ಹಣ್ಣನ್ನು ಎಣಿಸುವುದು ಬಿಟ್ಟು ರಸವನ್ನು ಅಳೆಯುವುದೇ ಸರಿ. ನಮ್ಮದರ ಹುಳಿಯೂ ಚುರುಕು. ಅದಕ್ಕೇ ಮೇಲೆ ಸಕ್ಕರೆ 170 ಗ್ರಾಂ ಹೇಳಿದ್ದು. ಪರದೇಶದ ಲೆಮನ್ ಸಿಕ್ಕರೆ 150 ಸಾಕು.

ಸಿಪ್ಪೆಯ ತುರಿಯಲ್ಲಿ ಇನ್ನೊಂದು ಫಜೀತಿ. ನಿಂಬೆಯ ಸಿಪ್ಪೆ ತೆಳು, ಎರಡನೇ ಸಲ ಉಜ್ಜಿದರೆ ಬಿಳಿ ಭಾಗ ಬಂದು ಕಹಿಯಾಗುತ್ತದೆ. ಸ್ವಲ್ಪ ಹಸಿರು ಇರುವ ಹಣ್ಣು ಆರಿಸಿ, ಮೇಲಿಂದ ಮೇಲೆ ಒಂದೇ ಸಲ ತುರಿಯಿರಿ. ತುರಿಯನ್ನು ಸಕ್ಕರೆಗೆ ಹಾಕಿ ಬೆರಳಲ್ಲಿ ತಿಕ್ಕಿದರೆ ಸಕ್ಕರೆ ಒದ್ದೆ ಮರಳಿನ ಹಾಗಾಗಿ ಅಡುಗೆಮನೆ ತುಂಬಾ ಘಮ ಬರುತ್ತದೆ. ಗಜನಿಂಬೆ ಸಿಕ್ಕರೆ ಸಿಪ್ಪೆಗೆ ಅದೇ ಒಳ್ಳೆಯದು, ದಪ್ಪ ಇರುತ್ತದೆ. ಹೇರಳೆಕಾಯಿಯ ಸಿಪ್ಪೆಗೆ ಇವೆಲ್ಲಕ್ಕಿಂತ ಗಾಢ ಪರಿಮಳ. ಆದರೆ ಒಂದು ಚಿಟಿಕೆ ಸಾಕು, ರಸ ಮಾತ್ರ ನಿಂಬೆಯದೇ ಇರಲಿ. ಹೇರಳೆಕಾಯಿ ಚಿತ್ರಾನ್ನ ಇಷ್ಟಪಡುವವರು ಒಮ್ಮೆ ಮಾಡಿ ನೋಡಿ.

ನಿಂಬೆ ಅಂದ ಮೇಲೆ ವಿಜಯಪುರ ಜಿಲ್ಲೆಯ ‘ಇಂಡಿ’ ಎಂಬ ಊರಿನ ನಿಂಬೆಯನ್ನು ನೆನೆಯಬೇಕು, ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಬೇಸಿಗೆಯಲ್ಲಿ ನಿಂಬೆಯ ರೇಟು ಏರುವುದು ಗೊತ್ತೇ ಇದೆ. ನಾನು ಅಗ್ಗವಿದ್ದಾಗ ರಸ ಹಿಂಡಿ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳುತ್ತೇನೆ. ಕರ್ಡ್‌ಗೆ ಆ ರಸ ಧಾರಾಳವಾಗಿ ಆಗುತ್ತದೆ.

ಕೊಡಗಿನ ಕಿತ್ತಳೆಯ ಕಾಲದಲ್ಲಿ ಆಸೆ ತಡೆಯುವುದಿಲ್ಲ. ಆದರೆ ಬರೀ ಕಿತ್ತಳೆ ರಸದ ಕರ್ಡ್ ಸಪ್ಪೆ, ಸಿಹಿ ಮೊಟ್ಟೆ ತಿಂದ ಹಾಗೆ. 80 ಮಿಲಿ ಕಿತ್ತಳೆಗೆ 40 ಮಿಲಿ ನಿಂಬೆ ಬೆರೆಸಿ, ಸಕ್ಕರೆಯನ್ನು 110 ಗ್ರಾಂಗೆ ಇಳಿಸಿ. ಸಿಪ್ಪೆ ಸಡಿಲ ಇರುವುದರಿಂದ ಸುಲಿಯುವ ಮುಂಚೆಯೇ ತುರಿದುಕೊಳ್ಳಿ, ಆಮೇಲೆ ಆಗುವುದಿಲ್ಲ.

ಮೋಸಂಬಿ ಬೇಡ. ಹಿಂಡಿಟ್ಟ ಮೋಸಂಬಿ ರಸ ಅರ್ಧ ಗಂಟೆಯಲ್ಲಿ ಕಹಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಬಿಸಿ ಮಾಡಿದರೆ ಇನ್ನೂ ಕಹಿ. ಆರು ಮೊಟ್ಟೆ ದಂಡ ಮಾಡಿಕೊಂಡು ಕಲಿತ ಪಾಠ ಇದು. ಚಕ್ಕೋತವನ್ನೂ ಬೇಯಿಸಬೇಡಿ. ದೇವನಹಳ್ಳಿಯ ಕೆಂಪು ಚಕ್ಕೋತ ಸಿಕ್ಕರೆ ತೊಳೆಯ ಪೊರೆ ಬಿಡಿಸಿ, ಮುತ್ತುಗಳನ್ನು ಬಿಡಿಬಿಡಿಯಾಗಿ ನಿಂಬೆ ಕರ್ಡ್‌ನ ಮೇಲೆ ಉದುರಿಸಿ. ಹಳದಿಯ ಮೇಲೆ ಗುಲಾಬಿ, ನುಣುಪಿನ ನಡುವೆ ಚಟಚಟ ಒಡೆಯುವ ರಸ. ನನ್ನ ಕೈಯಿಂದ ಬಂದ ಟಾರ್ಟ್‌ಗಳಲ್ಲಿ ನೋಡಲು ಚಂದ ಇದೇ.

ಮೇಲೆ ಇಡುವ ಹಣ್ಣು

ಕಸ್ಟರ್ಡ್ ಮೇಲೆ ಹಸಿ ಅನಾನಸ್ ಇಡಬಾರದು. ತಮ್ಮನ ಮಗನ ಹುಟ್ಟುಹಬ್ಬಕ್ಕೆ ಮಧ್ಯಾಹ್ನವೇ ಜೋಡಿಸಿಟ್ಟಿದ್ದೆ. ಸಂಜೆ ಮೇಣದಬತ್ತಿ ಹಚ್ಚುವ ಹೊತ್ತಿಗೆ ಅಂಚಿನಲ್ಲಿ ನೀರು ನಿಂತಿತ್ತು. ತಿಂದರೆ ಕಹಿ. ಅನಾನಸ್‌ನ ಬ್ರೊಮಿಲೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆಗ ಕಹಿ ಹುಟ್ಟುತ್ತದೆ. ಪಪ್ಪಾಯಿ, ಕಿವಿ ಹಣ್ಣುಗಳದೂ ಇದೇ ಕತೆ. ಅನಾನಸ್ ಬೇಕೇ ಬೇಕೆಂದರೆ ಸಕ್ಕರೆ ಹಾಕಿ ಗೊಜ್ಜಿನ ಹಾಗೆ ಬೇಯಿಸಿ, ತಣಿಸಿ ಹಾಕಿ. ಕಾವಿಗೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್‌ಗೂ ತೊಂದರೆಯಿಲ್ಲ.

ಕಸ್ಟರ್ಡ್‌ಗೆ ಮಾವನ್ನು ಮೀರಿಸಿದ ಹಣ್ಣಿಲ್ಲ. ಏಪ್ರಿಲ್, ಮೇನಲ್ಲಿ ಬಾದಾಮಿ ಮಾವು ಸಿಗುವಾಗ ಬೇರೆ ಯೋಚನೆಯೇ ಬೇಡ. ದ್ರಾಕ್ಷಿ, ದಾಳಿಂಬೆ ಸರಿ. ಬಾಳೆಹಣ್ಣು ಕಪ್ಪಾಗುತ್ತದೆ. ಹೊಳಪಿಗೆ ಯಾವುದಾದರೂ ಜ್ಯಾಮ್ ಎರಡು ಚಮಚ, ಬಿಸಿನೀರು ಒಂದು ಚಮಚ ಕರಗಿಸಿ ಸೋಸಿ ಬ್ರಷ್‌ನಲ್ಲಿ ಹಚ್ಚಿ. ಹಣ್ಣು ಒಣಗುವುದೂ ನಿಧಾನವಾಗುತ್ತದೆ. ಕರ್ಡ್ ಟಾರ್ಟ್‌ಗೆ ಹಣ್ಣು ಬೇಕೆಂದೇನೂ ಇಲ್ಲ.

ತಳ

ಎರಡು ಆಯ್ಕೆ. ಮಾರಿ ಅಥವಾ ಡೈಜೆಸ್ಟಿವ್ ಬಿಸ್ಕತ್ತು 200 ಗ್ರಾಂ ಪುಡಿ ಮಾಡಿ, ಕರಗಿಸಿದ 90 ಗ್ರಾಂ ಬೆಣ್ಣೆ ಕಲಸಿ ಒತ್ತಿಬಿಡುವುದು ಒಂದು. ಕಂಡೆನ್ಸ್‌ಡ್ ಮಿಲ್ಕ್ ಟಾರ್ಟ್‌ಗೆ ಇದೇ ಸರಿ, ಓವನ್ನೇ ಬೇಕಿಲ್ಲ. ಕಸ್ಟರ್ಡ್‌ಗೆ ಮಾತ್ರ ಬೇಡ, ಬೇಗ ನೆನೆಯುತ್ತದೆ.

ಇನ್ನೊಂದು ಮೈದಾದ ತಳ. 200 ಗ್ರಾಂ ಮೈದಾ, ತಣ್ಣಗಿನ 100 ಗ್ರಾಂ ಬೆಣ್ಣೆ, 60 ಗ್ರಾಂ ಪುಡಿಸಕ್ಕರೆ, ಚಿಟಿಕೆ ಉಪ್ಪು. ಬೆರಳ ತುದಿಯಲ್ಲಿ ರವೆಯಾಗುವ ತನಕ ಉಜ್ಜಿ, ಒಂದು ಹಳದಿ ಅಥವಾ ಎರಡು ಮೂರು ಚಮಚ ತಣ್ಣನೆ ಹಾಲು ಹಾಕಿ ಉಂಡೆ ಮಾಡಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ನಾದಿದಷ್ಟೂ ನಾರುನಾರಾಗಿ, ಬೇಯುವಾಗ ಕುಗ್ಗುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆ ಹಾಕುವ ಆಸೆಯಾಗುತ್ತದೆ, ಆದರೆ ಅದರಲ್ಲಿ ನೀರು ಜಾಸ್ತಿ. ಅದನ್ನು ರೊಟ್ಟಿಗೆ ಇಟ್ಟುಕೊಳ್ಳಿ. ಅರ್ಧ ಗಂಟೆ ಫ್ರಿಜ್, ಆಮೇಲೆ ಲಟ್ಟಿಸಿ ತಟ್ಟೆಗೆ ಹಾಸಿ ಮತ್ತೆ ಅರ್ಧ ಗಂಟೆ ಫ್ರಿಜ್. ಬೆಂಗಳೂರಿನ ಏಪ್ರಿಲ್‌ನಲ್ಲಂತೂ ಇದನ್ನು ತಪ್ಪಿಸಲೇಬೇಡಿ. ಟಾರ್ಟ್ ತಟ್ಟೆ ಇಲ್ಲದಿದ್ದರೆ ಅಂಚಿರುವ ಸ್ಟೀಲ್ ತಟ್ಟೆಯೂ ನಡೆಯುತ್ತದೆ.

ಮೇಲೆ ಬಟರ್ ಪೇಪರ್ ಹಾಕಿ, ಭಾರಕ್ಕೆ ರಾಜ್ಮಾ ಅಥವಾ ಅಕ್ಕಿ ತುಂಬಿ, 180 ಡಿಗ್ರಿಯಲ್ಲಿ 15 ನಿಮಿಷ. ಭಾರ ತೆಗೆದು ಹೊಂಬಣ್ಣ ಬರುವ ತನಕ ಇನ್ನೊಂದು 10–12 ನಿಮಿಷ. ಕಸ್ಟರ್ಡ್ ಹಾಕುವುದಾದರೆ ತಣಿದ ತಳಕ್ಕೆ ಕರಗಿಸಿದ ಬಿಳಿ ಚಾಕಲೇಟನ್ನು ತೆಳ್ಳಗೆ ಹಚ್ಚಿ. ನೀರು ಒಳಗಿಳಿಯದ ಹಾಗೆ ಅದು ತಡೆಯುತ್ತದೆ. ಅಕ್ಕಿ, ರಾಜ್ಮಾ ಒಂದು ಬಾಟಲಿಯಲ್ಲಿ ಎತ್ತಿಡಿ, ಮುಂದಿನ ಸಲಕ್ಕೆ ಬರುತ್ತದೆ.

ಒಂದೇ ಆರಿಸಬೇಕೆಂದಿಲ್ಲ

ಈಗೀಗ ನಾನು ಹೆಚ್ಚು ಮಾಡುವುದು ಬೆರಕೆ. ತಣ್ಣಗಾದ ಕಸ್ಟರ್ಡ್ ಎರಡು ಪಾಲು, ನಿಂಬೆ ಕರ್ಡ್ ಒಂದು ಪಾಲು. ಕಸ್ಟರ್ಡನ್ನು ಮೊದಲು ಚೆನ್ನಾಗಿ ಕಡೆದು ನುಣ್ಣಗೆ ಮಾಡಿ, ಆಮೇಲೆ ಕರ್ಡ್ ಸೇರಿಸಿ ಮೆಲ್ಲಗೆ ತಿರುವಿ. ಕಸ್ಟರ್ಡ್‌ನ ಹಾಲಿನ ಮಂಕು ಹೋಗುತ್ತದೆ, ಕರ್ಡ್‌ನ ಹುಳಿಯ ಏಟೂ ತಗ್ಗುತ್ತದೆ. ಮಕ್ಕಳೂ ತಿನ್ನುತ್ತಾರೆ, ಮಾವು ಮೇಲಿದ್ದರೆ ಅದರ ಸಿಹಿಗೂ ಜೋಡಿ ಸಿಗುತ್ತದೆ. ಎರಡೆರಡು ಪಾತ್ರೆ ತೊಳೆಯುವ ಕೆಲಸ ಇದೆ, ಸುಳ್ಳು ಹೇಳುವುದಿಲ್ಲ. ಕರ್ಡ್ ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಅಷ್ಟು ಭಾರ ಅನ್ನಿಸುವುದಿಲ್ಲ.

ಮೊದಲ ಸಲ ಮಾಡುವವರು ಮಾತ್ರ ಬೆರಕೆಗೆ ಹೋಗಬೇಡಿ. ಮೊಟ್ಟೆ ತಿನ್ನುವ ಮನೆಯಾದರೆ ಬರೀ ನಿಂಬೆ ಕರ್ಡ್, ಮೈದಾ ತಳ. ಒಲೆಯ ಮುಂದೆ ಕಸ್ಟರ್ಡ್ ಸುಲಭ ನಿಜ, ಆದರೆ ಕರ್ಡ್ ತಪ್ಪಿದರೂ ತಿದ್ದಬಹುದು, ಮೇಲೆ ಹಣ್ಣೂ ಬೇಕಿಲ್ಲ. ತಿನ್ನದ ಮನೆಯಾದರೆ ಕಂಡೆನ್ಸ್‌ಡ್ ಮಿಲ್ಕ್, ಬಿಸ್ಕತ್ತಿನ ತಳ. ಹಣ್ಣು ಜೋಡಿಸುವ ಚಂದವನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಉಳಿದ ಕರ್ಡ್ ಬ್ರೆಡ್ಡಿಗೆ ಆಗುತ್ತದೆ, ಬಿಸಿ ದೋಸೆಗೂ ಆಗುತ್ತದೆ. ನಮ್ಮ ಮನೆಯಲ್ಲಿ ಅದು ಮೊಸರಿನ ಪಕ್ಕದಲ್ಲೇ, ಅದೇ ಥರದ ಸ್ಟೀಲ್ ಡಬ್ಬಿಯಲ್ಲಿ ಇರುತ್ತದೆ. ಅತ್ತೆ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ: ‘ಇದು ಕರ್ಡ್. ಮೊಸರಲ್ಲ.’